ಯಾರೂ ಕಳಕೊಳ್ಳದ ನಾಣ್ಯ

ನದಿ ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ಹಂಚಿನ ಮೂರು ಕೋಣೆ, ಒಂದು ಬಾವಿ, ಒಂದು ಬಸಳೆ ಚಪ್ಪರ.

ಗುರುಗಳು ದಿನದ ಅರ್ಧ ಹೊತ್ತು ಬಸಳೆಯ ಬುಡದಲ್ಲೇ ಇರುತ್ತಿದ್ದರು. ಉಪದೇಶ ಬೇಕಾದವರು ಅಲ್ಲಿಗೇ ಬಂದು ಕೂರಬೇಕು. ಕೂತವರ ಕೈಗೆ ಒಂದು ಚೆಂಬು ನೀರು ಕೊಟ್ಟು, "ಆಚೆ ಬುಡಕ್ಕೆ ಹೊಯ್ಯಿ" ಎನ್ನುತ್ತಿದ್ದರು. ಎಷ್ಟೋ ಜನ ಅಷ್ಟರಲ್ಲೇ ಸಮಾಧಾನಗೊಂಡು ಎದ್ದು ಹೋದದ್ದುಂಟು.

ತಿಪಟೂರಿನ ಚಂದ್ರಮೌಳಿ ಅವರ ಶಿಷ್ಯ. ಮಿಕ್ಸಿ, ಟಿವಿ ರಿಪೇರಿಯ ಅಂಗಡಿ ಇಟ್ಟುಕೊಂಡವನು. ಮೂರು ವರ್ಷದಿಂದ ಆಗಾಗ ಒಬ್ಬನೇ ಬಸ್ಸಿನಲ್ಲಿ ಬಂದು, ಬಸಳೆಗೆ ನೀರು ಹೊಯ್ದು ಹೋಗುತ್ತಿದ್ದ. ಒಳ್ಳೆಯ ಮನುಷ್ಯ. ಒಳ್ಳೆಯವರಿಗೆ ಇರುವ ಒಂದು ಕಾಯಿಲೆ ಅವನಿಗೂ ಇತ್ತು. ತನ್ನನ್ನು ಕಂಡು ತಾನೇ ಅಯ್ಯೋ ಪಾಪ ಎಂದುಕೊಳ್ಳುತ್ತಿದ್ದ.

ಈ ಸಲ ಮೇ ತಿಂಗಳ ರಜೆಯಲ್ಲಿ ಹೆಂಡತಿ ಸರ್ವಮಂಗಳಾ ಮತ್ತು ಒಂಬತ್ತು ವರ್ಷದ ಮಗಳು ಇಂಚರಳನ್ನು ಓಮ್ನಿಯಲ್ಲಿ ಕೂರಿಸಿಕೊಂಡು ಬಂದ. ಆಶ್ರಮದ ಎದುರಿಗೇ, ಗಾಳಿಮರಗಳ ನಡುವೆ ಒಂದು ಬಾಡಿಗೆ ಮನೆ ಹಿಡಿದ. ಸೋಮವಾರ ಬಂದವರು ಭಾನುವಾರ ಹೊರಡುವುದು ಅಂತ ಮಾತಾಗಿತ್ತು.

ತಾಯಿ ಮಗಳು ನೀರಿಗಿಳಿದದ್ದೇ ತಡ, ಚಂದ್ರಮೌಳಿ ಚಪ್ಪರದಡಿಗೆ ಬಂದು ಕೈಮುಗಿದ.

"ಗುರುಗಳೇ, ಈ ಸಲ ನಾನು ವಾಪಸ್ ಹೋಗಲ್ಲ. ಇಲ್ಲೇ ಇದ್ದುಬಿಡ್ತೀನಿ."

"ಅವರು?"

"ಅವರು ಭಾನುವಾರ ಹೋಗ್ತಾರೆ."

"ಅವರಿಗೆ ಹೇಳಿದ್ದೀಯಾ?"

"ಇನ್ನೂ ಇಲ್ಲ. ಟ್ರಿಪ್ಪು ಅಂತ ಕರ್ಕೊಂಡು ಬಂದಿದ್ದೀನಿ."

ಗುರುಗಳು ಚೆಂಬು ಕೊಟ್ಟರು. ಅವನು ನೀರು ಹೊಯ್ದ.

"ಯಾಕೆ ಇರಬೇಕು?"

"ಮನೇಲಿ ನಾನು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ಅಂಗಡೀನ ಭಾಮೈದ ನೋಡ್ಕೋತಾನೆ. ಮಂಗಳಾ ನನಗಿಂತ ಗಟ್ಟಿ. ಮಗಳಿಗೆ ಅವಳ ಫ್ರೆಂಡ್ಸು, ಅವಳ ಡ್ರಾಯಿಂಗು. ನಾನು ಇಲ್ಲಿ ಉಳ್ಕೊಂಡ್ರೆ ಯಾರೂ ಏನೂ ಕಳ್ಕೊಳ್ಳಲ್ಲ ಗುರುಗಳೇ."

"ಯಾರೂ?"

"ಯಾರೂ."

ಗುರುಗಳು ಬಸಳೆಯ ಒಂದು ಹಂಬನ್ನು ಎತ್ತಿ ಚಪ್ಪರಕ್ಕೆ ಸುತ್ತಿದರು. ಆಮೇಲೆ ಅವನ ಹೆಗಲನ್ನು ನೋಡಿದರು. ಅಲ್ಲೊಂದು ಉದ್ದನೆಯ ಕೋಲು ನೇತಾಡುತ್ತಿತ್ತು. ಕೋಲಿನ ತುದಿಗೆ ಪ್ಲಾಸ್ಟಿಕ್ ತಟ್ಟೆ, ತಟ್ಟೆಯಿಂದ ಹೊರಟ ತಂತಿ ಅವನ ಕೊರಳಿನ ಹೆಡ್‌ಫೋನಿಗೆ ಸೇರಿತ್ತು.

"ಅದೆಂತದು?"

ಚಂದ್ರಮೌಳಿಯ ಮುಖ ಅರಳಿತು. "ಮೆಟಲ್ ಡಿಟೆಕ್ಟರು ಗುರುಗಳೇ. ನಾನೇ ಮಾಡಿದ್ದು. ತಟ್ಟೆಯೊಳಗೆ ತಾಮ್ರದ ತಂತಿ ಸುತ್ತಿದ್ದೀನಿ. ಮರಳಿನ ಕೆಳಗೆ ಲೋಹ ಇದ್ರೆ ಕುಂಯ್ ಅನ್ನುತ್ತೆ. ಹಳೇ ನಾಣ್ಯ ಹುಡುಕೋದು ನನಗೊಂದು ಹುಚ್ಚು. ಇಲ್ಲಿರೋಕೆ ಬಂದ ಮೇಲೆ ಅದನ್ನೂ ಬಿಡ್ತೀನಿ."

"ಬಿಡುದು ಯಾಕೆ? ಇಲ್ಲಿ ಇರಬೇಕಾದರೆ ದಕ್ಷಿಣೆ ಕೊಡಬೇಕು. ಒಂದು ಹಳೇ ನಾಣ್ಯ ತಾ. ಈ ಮರಳಲ್ಲೇ ಸಿಕ್ಕಬೇಕು."

"ಅಷ್ಟೇನಾ!"

"ಯಾರೂ ಕಳಕೊಂಡದ್ದು ಆಗಿರಬಾರದು."

ಚಂದ್ರಮೌಳಿ ಕೋಲನ್ನು ಹೆಗಲಿನಿಂದ ಇಳಿಸಿದ.

"ಭಾನುವಾರ ಅವರು ಹೊರಡುವುದರೊಳಗೆ ತಂದರೆ, ಇರು. ಇಲ್ಲದಿದ್ದರೆ ನೀನೂ ಓಮ್ನಿ ಹತ್ತು. ಮತ್ತೊಂದು. ಯಾರಾದರೂ ಕಳಕೊಂಡದ್ದು ಸಿಕ್ಕಿದರೆ ಹುಡುಕಿಕೊಂಡು ಹೋಗಿ ಕೊಡಬೇಕು. ಕೊಡುವಾಗ 'ನೀವು ಕಳಕೊಂಡದ್ದು ಇದೇ ಹೌದಾ ನೋಡಿ' ಅಂತ ಕೇಳಬೇಕು. ಸುಮ್ಮನೆ ಕೈಗೆ ತುರುಕಿ ಬರುದಲ್ಲ."

ಆರು ದಿನ ಇದೆಯಲ್ಲ, ಅದೆಷ್ಟರ ಮಾತು ಎಂದುಕೊಂಡು ಚಂದ್ರಮೌಳಿ ಹೆಡ್‌ಫೋನನ್ನು ಕಿವಿಗೆ ಏರಿಸಿದ.

ಮೊದಲ ದಿನ ಸಿಕ್ಕಿದ್ದು ಸೋಡಾ ಬಾಟಲಿಯ ಬಿರಡೆ ಹನ್ನೊಂದು, ತುಕ್ಕು ಹಿಡಿದ ಮೊಳೆ ನಾಲ್ಕು, ಒಂದು ಚಮಚದ ಹಿಡಿ.

ಇಂಚರ ಜರಡಿ ಹಿಡಿದು ಹಿಂದೆ ಹಿಂದೆಯೇ ಓಡಾಡಿದಳು. ಬಿರಡೆ ಸಿಕ್ಕಾಗಲೂ ಚಪ್ಪಾಳೆ ತಟ್ಟಿದಳು. ತೊಂದರೆ ಒಂದೇ. ಅವಳು ಹತ್ತಿರ ಬಂದರೆ ಸಾಕು, ಯಂತ್ರ ಕುಂಯ್ ಎನ್ನುತ್ತಿತ್ತು.

ಅವಳ ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ತಾಮ್ರದ ತೂತು ಕಾಸು ಇತ್ತು. ಹುಟ್ಟಿದ ಹನ್ನೊಂದನೇ ದಿನ ಅಜ್ಜಿ ಉಡಿದಾರಕ್ಕೆ ಕಟ್ಟಿದ್ದು. ಮಗು ಬೆಳೆದು ಉಡಿದಾರ ಬಿಟ್ಟ ಮೇಲೆ ಕಾಸು ಕೊರಳಿಗೆ ಬಂದಿತ್ತು. ಸ್ನಾನಕ್ಕೂ ಅವಳು ತೆಗೆಯುತ್ತಿರಲಿಲ್ಲ.

"ದೂರ ನಿಂತ್ಕೋ ಚಿನ್ನಿ. ನಿನ್ನ ಕಾಸಿಗೇ ಇದು ಕೂಗ್ತಾ ಇದೆ."

"ಇಷ್ಟು ದೂರ ಸಾಕಾ?"

"ಇನ್ನೂ ದೂರ."

"ಇಷ್ಟು?"

ಅವನಿಗೆ ಕೇಳಿಸಲಿಲ್ಲ. ಕಿವಿ ಮುಚ್ಚಿಕೊಂಡು ಮುಂದೆ ಹೋಗಿಯಾಗಿತ್ತು. ಅವಳು ಜರಡಿಯನ್ನು ಅಲ್ಲೇ ಇಟ್ಟು, ಗಾಳಿಮರದ ಬುಡದಲ್ಲಿ ಮರಳಿನ ಮನೆ ಕಟ್ಟಲು ಕೂತಳು.

ಮಂಗಳವಾರ ಬೆಳಿಗ್ಗೆ ದೋಣಿ ಎಳೆದಿಡುವ ಜಾಗದಲ್ಲಿ ಒಂದು ಹಳದಿ ನಾಣ್ಯ ಸಿಕ್ಕಿತು. ಕಮಲದ ಚಿತ್ರವಿದ್ದ ಹಳೇ ಇಪ್ಪತ್ತು ಪೈಸೆ. ಚಂದ್ರಮೌಳಿ ಓಡುತ್ತಾ ಬಂದ.

ಗುರುಗಳು ಅದನ್ನು ಪಂಚೆಯ ಚುಂಗಿನಲ್ಲಿ ಒರೆಸಿದರು.

"ಯಾರದ್ದು?"

"ಐವತ್ತು ವರ್ಷದ ಹಿಂದಿನದು ಗುರುಗಳೇ. ಯಾರದ್ದು ಅಂತ ಹೇಗೆ ಹೇಳೋದು?"

"ಕೇಳಿದ್ದೀಯಾ?"

ಅವನು ಊರೆಲ್ಲ ಕೇಳಿಕೊಂಡು ಬಂದ. ಎಳನೀರಿನ ಬೊಂಡ ಮಾರುವವನು ನಕ್ಕ. ಬಲೆ ನೇಯುವವರು, ನೂರು ರೂಪಾಯಿ ನೋಟು ಸಿಕ್ಕಿದ್ದರೆ ನಮ್ಮದೇ ಅನ್ನುತ್ತಿದ್ದೆವು ಎಂದರು. ಕೊನೆಗೆ, ಕಟ್ಟೆಯ ಮೇಲೆ ಗಾಳಿಗೆ ಮೈಯೊಡ್ಡಿ ಕೂತಿದ್ದ ಮುದುಕ ಸುಬ್ಬ ಖಾರ್ವಿ ತಲೆ ಎತ್ತಿದ. ಹಿಂದೆ ಇದೇ ಅಳಿವೆಯಲ್ಲಿ ದೋಣಿ ದಾಟಿಸುತ್ತಿದ್ದವನು.

"ಇಪ್ಪತ್ತು ಪೈಸೆಯಾ? ದೋಣಿ ಹತ್ರವಾ? ಬೆಲ್ಲ ತಾ ಅಂತ ಅಬ್ಬಿ, ನನ್ನ ಅಮ್ಮ, ಕೊಟ್ಟದ್ದು ನಾ ಸಣ್ಣವನಿದ್ದಾಗ ಅಲ್ಲೇ ಬೀಳಿಸಿದ್ದೆ. ಕತ್ತಲಾಗುವವರೆಗೆ ಹುಡುಕಿದೆ. ಮನೆಗೆ ಹೋದ ಮೇಲೆ ಹಿಡಿಸೂಡಿಯಲ್ಲಿ ಪೆಟ್ಟು ಬಿತ್ತು."

ಚಂದ್ರಮೌಳಿ ನಾಣ್ಯ ಚಾಚಿ, ಹೇಳಿಕೊಟ್ಟ ಹಾಗೇ ಕೇಳಿದ. "ನೀವು ಕಳಕೊಂಡದ್ದು ಇದೇ ಹೌದಾ ನೋಡಿ."

ಮುದುಕ ನಾಣ್ಯವನ್ನು ಕಣ್ಣಿನ ಹತ್ತಿರ ತಂದ. ತಿರುಗಿಸಿದ. ಮೂಸಿ ನೋಡಿದ.

"ಇದೇ," ಎಂದ. ಅವನ ಬೊಚ್ಚು ಬಾಯಿ ಕಿವಿಯವರೆಗೆ ಹೋಯಿತು. "ಇದೇ ಮಾರಾಯ! ಅಬ್ಬಿ ಇದ್ದಿದ್ದರೆ ಈಗ ತೋರಿಸುತ್ತಿದ್ದೆ."

ಚಂದ್ರಮೌಳಿ ಮುಖ ಸಣ್ಣ ಮಾಡಿಕೊಂಡು ಚಪ್ಪರದಡಿಗೆ ಬಂದ.

"ಗುರುಗಳೇ, ಅದು ಅವನದೇ ಅಂತ ಏನು ಸಾಕ್ಷಿ? ಆ ಕಾಲದಲ್ಲಿ ಅಂಥ ನಾಣ್ಯ ಲಕ್ಷಗಟ್ಟಲೆ ಇತ್ತು."

"ಮುಖ ನೋಡಿದ್ಯಾ?"

"ನೋಡಿದೆ."

"ಮತ್ತೆಂತ ಸಾಕ್ಷಿ? ಹೋಗು, ಹುಡುಕು."

ಬುಧವಾರ ಸಿಕ್ಕಿದ್ದು ನಾಣ್ಯವಲ್ಲ, ಕಿವಿಯ ಬೆಂಡೋಲೆ. ಅಸಲು ಚಿನ್ನ. ಇದು ಯಾರದ್ದೆಂದು ಹುಡುಕುವ ಕಷ್ಟವೇ ಬರಲಿಲ್ಲ. ದಡದಿಂದ ಬಲೆ ಎಳೆಯುವವರ ಗುಂಪಿನಲ್ಲಿ ಮುಕಾಂಬು ಎಂಬ ಹೆಂಗಸು ಬೆಳಗಿನಿಂದ ಮರಳನ್ನು ಬೊಗಸೆ ಬೊಗಸೆ ಎತ್ತಿ ಸೋಸುತ್ತಿದ್ದಳು. ಒಂದು ಕಿವಿ ಖಾಲಿ ಇತ್ತು.

"ಅಮ್ಮಾ, ನೀವು ಕಳಕೊಂಡದ್ದು ಇದೇ ಹೌದಾ ನೋಡಿ."

ಮುಕಾಂಬು ನೋಡಿದಳು. ಬೆಂಡೋಲೆಯನ್ನು ಕಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಜೋರಾಗಿ ಅತ್ತಳು, ಅಷ್ಟೇ ಜೋರಾಗಿ ನಕ್ಕಳು, ಬಲೆಯವರನ್ನೆಲ್ಲ ಕೂಗಿ ಕರೆದಳು.

"ಹ್ವಾಯ್, ಕಾಣಿ ಇಲ್ಲಿ! ನನ್ನ ಅಮ್ಮನ ಬೆಂಡೋಲೆ! ಈ ಪುಣ್ಯಾತ್ಮ ಹುಡುಕಿ ಕೊಟ್ಟರು!"

ಅವಳು ಬುಟ್ಟಿಯಿಂದ ನಾಲ್ಕು ದಪ್ಪ ಬಂಗುಡೆ ಮೀನನ್ನು ಆರಿಸಿ, ಬಾಳೆ ನಾರಿಗೆ ಪೋಣಿಸಿ, ಅವನ ಕೈಗೆ ಕೊಟ್ಟಳು. "ಬೇಡ ಅನ್ನಬೇಡಿ. ಬೇಡ ಅಂದರೆ ನಾನು ಊಟ ಮಾಡುದಿಲ್ಲ."

ಚಂದ್ರಮೌಳಿ ಇಷ್ಟಲಿಂಗ ಕಟ್ಟಿಕೊಂಡವನು. ಹುಟ್ಟಿದ ಮೇಲೆ ಮೀನನ್ನು ಮುಟ್ಟಿದವನಲ್ಲ. ಬೇಡ ಅನ್ನುವುದಕ್ಕೆ ಬಾಯಿಯೂ ಬರಲಿಲ್ಲ. ಕೈಯನ್ನು ಆದಷ್ಟು ದೂರ ಚಾಚಿ, ಮುಖವನ್ನು ಇನ್ನೊಂದು ಕಡೆ ತಿರುಗಿಸಿ, ಸೊಟ್ಟಗೆ ನಡೆದು ಬಂದ. ಹಿಂದೆ ಮೂರು ಬೆಕ್ಕುಗಳು ಬರುತ್ತಿದ್ದವು.

ಜಗಲಿಯಲ್ಲಿ ಅಲಸಂದೆ ಬಿಡಿಸುತ್ತಿದ್ದ ಸರ್ವಮಂಗಳಾ ಅವನನ್ನು ನೋಡಿದಳು. ಮೀನನ್ನು ನೋಡಿದಳು. ಬೆಕ್ಕುಗಳನ್ನು ನೋಡಿದಳು. ಮೊರ ಪಕ್ಕಕ್ಕಿಟ್ಟು, ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ರೀ, ಹಳೇ ನಾಣ್ಯ ಇಷ್ಟು ಹೊಸದಾಗಿರುತ್ತೆ ಅಂತ ಗೊತ್ತಿರಲಿಲ್ಲ ಕಣ್ರೀ!"

ಅವನೂ ನಕ್ಕ. ಎಷ್ಟೋ ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು. ಮೀನು ಪಕ್ಕದ ಮನೆಗೆ ಹೋಯಿತು, ಬೆಕ್ಕುಗಳು ಅದರ ಹಿಂದೆಯೇ ಹೋದವು.

"ಅಪ್ಪಾ, ಇವತ್ತಾದ್ರೂ ಮನೆ ಕಟ್ಟೋಕೆ ಬರ್ತೀಯಾ?" ಇಂಚರ ಕೇಳಿದಳು. "ಮೇಲಿನ ಗೋಡೆ ನಿಲ್ತಾ ಇಲ್ಲ."

"ನಾಳೆ ಚಿನ್ನಿ. ನಾಳೆ ಖಂಡಿತ."

ಗುರುವಾರ ಅವನಿಗೆ ಒಂದು ಯೋಚನೆ ಹೊಳೆಯಿತು. ಹೊಳೆದದ್ದೇ ಮಂಡಿ ತಟ್ಟಿಕೊಂಡು ಎದ್ದ. ಇಷ್ಟು ದಿನ ಇದು ಹೊಳೆಯದೇ ಹೋಯಿತಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಅಳಿವೆಯಲ್ಲಿ, ನದಿಯ ಸಿಹಿ ನೀರು ಉಪ್ಪು ನೀರಿಗೆ ಸೇರುವಲ್ಲಿ, ಜನ ನಾಣ್ಯ ಎಸೆದು ಕೈಮುಗಿಯುತ್ತಾರೆ. ದೋಣಿಯಲ್ಲಿ ದಾಟುವವರು ಎಸೆಯುತ್ತಾರೆ, ಹಿರಿಯರ ಅಸ್ಥಿ ಬಿಡಲು ಬಂದವರು ಎಸೆಯುತ್ತಾರೆ. ತಲೆತಲಾಂತರದಿಂದ ಹಾಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲೊಂದು ಮರಳ ದಿಬ್ಬ ಏಳುತ್ತದೆ.

ಅರ್ಧ ಗಂಟೆಯಲ್ಲಿ ಯಂತ್ರ ಕೂಗಿ ಕೂಗಿ ಸುಸ್ತಾಯಿತು. ಐದು ತಾಮ್ರದ ನಾಣ್ಯಗಳು ಒಂದಕ್ಕೊಂದು ಅಂಟಿಕೊಂಡು, ಹಸಿರು ಕಟ್ಟಿ, ಅವನ ಅಂಗೈಗೆ ಬಂದವು. ಎಲ್ಲಕ್ಕೂ ನೂರರ ಮೇಲೆ ವಯಸ್ಸು.

"ಗುರುಗಳೇ! ಸಿಕ್ತು! ಒಂದು ಕೇಳಿದ್ರಿ, ಐದು ತಂದಿದ್ದೀನಿ!"

"ಯಾರು ಕಳಕೊಂಡದ್ದು?"

"ಯಾರೂ ಕಳ್ಕೊಂಡಿಲ್ಲ. ಬೇಕು ಅಂತಲೇ ಎಸೆದದ್ದು. ಎಸೆದವರು ಕೈಮುಗಿದು ಸಂತೋಷವಾಗಿ ಮನೆಗೆ ಹೋಗಿದ್ದಾರೆ."

ಗುರುಗಳು ತಲೆದೂಗಿದರು. "ಹೌದು. ಒಳ್ಳೇ ಯೋಚನೆ."

ಚಂದ್ರಮೌಳಿಯ ಎದೆ ಉಬ್ಬಿತು.

"ಎಸೆದದ್ದು ಯಾರಿಗೆ?"

"ನದಿಗೆ."

"ಕೊಟ್ಟದ್ದು ಅಂದಮೇಲೆ ಅದು ನದಿಯದ್ದೇ ಆಯಿತಲ್ಲ? ಅವಳ ಮಡಿಲಿಂದ ನೀನು ತೆಗೆದೆ. ಈಗ ಕಳಕೊಂಡದ್ದು ಅವಳು."

ಚಂದ್ರಮೌಳಿ ಏನೋ ಹೇಳಲು ಹೋದ. ಗುರುಗಳು ಆಗಲೇ ಅವನ ಕೈಯಿಂದ ನಾಣ್ಯಗಳನ್ನು ತೆಗೆದುಕೊಂಡು, ಪಂಚೆ ಎತ್ತಿಕಟ್ಟಿ ನೀರಿನ ಕಡೆ ಹೊರಟಿದ್ದರು. ಮಂಡಿಯುದ್ದ ನೀರಿನಲ್ಲಿ ನಿಂತು, ಐದು ನಾಣ್ಯಗಳನ್ನೂ ಒಂದೊಂದಾಗಿ ಬಿಡಿಸಿ ಒರೆಸಿ, ಅಂಗೈ ಚಾಚಿದರು.

"ತಾಯೀ, ನೀನು ಕಳಕೊಂಡದ್ದು ಇದೇ ಹೌದಾ ನೋಡು."

ಒಂದು ಸಣ್ಣ ಅಲೆ ಬಂದು ಅಂಗೈ ಒರೆಸಿಕೊಂಡು ಹೋಯಿತು.

"ಹೌದಂತೆ," ಎಂದರು ಗುರುಗಳು. ಒದ್ದೆ ಕೈಯನ್ನು ಶಿಷ್ಯನ ಅಂಗಿಗೇ ಒರೆಸಿಕೊಂಡರು.

ಶುಕ್ರವಾರ ಒಂದು ಬೀಗದ ಕೈ ಸಿಕ್ಕಿತು. ಅದನ್ನು ಅದರ ಮನೆಗೆ ಮುಟ್ಟಿಸುವಷ್ಟರಲ್ಲಿ ದಿನವೇ ಕಳೆಯಿತು. ಶನಿವಾರ ಬರೀ ಬಿರಡೆ.

ಇಂಚರ ಈಗ ಕರೆಯುತ್ತಿರಲಿಲ್ಲ. ಅವಳ ಪಾಡಿಗೆ ಗಾಳಿಮರದ ಬುಡದಲ್ಲಿ ಮನೆ ಕಟ್ಟುತ್ತಿದ್ದಳು. ದಿನಾ ಗೋಡೆ ಬೀಳುತ್ತಿತ್ತು, ದಿನಾ ಎಬ್ಬಿಸುತ್ತಿದ್ದಳು. ಮಗಳು ಎಷ್ಟು ಸುಲಭವಾಗಿ ಒಬ್ಬಳೇ ಇರುತ್ತಾಳೆ ನೋಡು ಎಂದು ಚಂದ್ರಮೌಳಿ ಅಂದುಕೊಂಡ. ಅಂದುಕೊಂಡು, ತನಗೆ ತಾನೇ ಅಯ್ಯೋ ಪಾಪ ಎಂದುಕೊಂಡ.

ಶನಿವಾರ ಸಂಜೆ ಸರ್ವಮಂಗಳಾ ಒಗೆದ ಬಟ್ಟೆ ಮಡಿಸುತ್ತಿದ್ದಳು. ತನ್ನದು ಒಂದು ಕಡೆ, ಮಗಳದು ಒಂದು ಕಡೆ. ಅವನದನ್ನು ಬೇರೆಯಾಗಿ ಗೋಡೆಯ ಹತ್ತಿರ ಇಟ್ಟಳು.

"ಅದ್ಯಾಕೆ ಅಲ್ಲಿಟ್ಟೆ?"

"ನೀವು ಇಲ್ಲೇ ಇರ್ತೀರಲ್ಲ."

"ಯಾರು ಹೇಳಿದ್ರು?"

"ಯಾರು ಹೇಳಬೇಕ್ರೀ? ಮೇ ತಿಂಗಳಲ್ಲಿ ಸಮುದ್ರಕ್ಕೆ ಬರೋರು ಯಾರಾದ್ರೂ ಬ್ಯಾಗಲ್ಲಿ ಎರಡು ಸ್ವೆಟರು, ಒಂದು ಕಂಬಳಿ ತರ್ತಾರಾ? ಅಂಗಡಿ ಬೀಗದ ಕೈ ಎರಡೂ ನನ್ನ ತಮ್ಮನ ಹತ್ತಿರ ಕೊಟ್ಟಿದ್ದೀರಿ. ಹನ್ನೆರಡು ವರ್ಷ ಕೇಳಿದ್ರೂ ಕಲಿಸದೋರು ಫೆಬ್ರವರಿಯಲ್ಲಿ ಇದ್ದಕ್ಕಿದ್ದ ಹಾಗೆ ಓಮ್ನಿ ಓಡಿಸೋದು ಕಲಿಸಿದ್ರಿ."

ಅವನು ಗೋಡೆಯ ಹತ್ತಿರದ ತನ್ನ ಬಟ್ಟೆಗಳನ್ನು ನೋಡಿದ.

"ಬೇಡ ಅನ್ನಲ್ಲ," ಎಂದಳು ಅವಳು. ಒಂದು ಟವೆಲನ್ನು ಎರಡು ಸಲ ಕೊಡವಿದಳು. "ಹಿಡಿದು ಕಟ್ಟಿಹಾಕೋಕೆ ನೀವೇನು ಕರುವಾ? ಹೊಟ್ಟೆ ಉರಿಯುತ್ತೆ, ಆದ್ರೂ ಅನ್ನಲ್ಲ. ಒಂದೇ ಒಂದು ಮಾತು. ಇಂಚರಂಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು. ಅದೂ ಕಿವಿಯಿಂದ ಅದನ್ನ ತೆಗೆದು."

ಅವನು ಕೊರಳಿನ ಹೆಡ್‌ಫೋನನ್ನು ಮುಟ್ಟಿ ನೋಡಿಕೊಂಡ. ಬಂದಾಗಿನಿಂದ ಊಟಕ್ಕೂ ಅದನ್ನು ತೆಗೆದಿರಲಿಲ್ಲ.

"ಬೆಳಿಗ್ಗೆ ಹೇಳ್ತೀನಿ," ಎಂದ.

ಭಾನುವಾರ ಬೆಳಗಾಯಿತು. ಓಮ್ನಿಯ ಹಿಂದಿನ ಬಾಗಿಲು ತೆರೆದಿತ್ತು. ಸರ್ವಮಂಗಳಾ ಚೀಲಗಳನ್ನು ತುಂಬುತ್ತಿದ್ದಳು.

ಮಗಳಿಗೆ ಹೇಳುವ ಮಾತನ್ನು ಚಂದ್ರಮೌಳಿ ಏಳು ಸಲ ಬಾಯಿಪಾಠ ಮಾಡಿದ. ಏಳು ಸಲವೂ ಎರಡನೇ ವಾಕ್ಯದಲ್ಲಿ ನಿಂತುಹೋಯಿತು. ಇನ್ನು ಒಂದು ಸುತ್ತು ಹುಡುಕಿ ಬರುತ್ತೇನೆ, ಆಮೇಲೆ ಹೇಳುತ್ತೇನೆ ಎಂದು ಕೋಲು ಎತ್ತಿಕೊಂಡ. ನಾಣ್ಯ ಸಿಕ್ಕದಿದ್ದರೆ ಹೇಳುವುದೇ ಬೇಡವಲ್ಲ ಎಂದೂ ಒಂದು ಮನಸ್ಸು ಅಂದಿತು. ಆ ಮನಸ್ಸಿಗೆ ಅವನು ಗದರಿದ.

ಅಳಿವೆ, ದೋಣಿ, ಬಲೆ ಒಣಗಿಸುವ ಜಾಗ, ಎಲ್ಲವನ್ನೂ ಆಗಲೇ ಜಾಲಾಡಿಯಾಗಿತ್ತು. ಬೇರೆ ದಾರಿ ಇಲ್ಲದೆ ಇಷ್ಟು ದಿನ ಒಮ್ಮೆಯೂ ಹೋಗದ ಕಡೆಗೆ, ಮನೆಗೆ ಹತ್ತು ಹೆಜ್ಜೆ ದೂರದ ಗಾಳಿಮರದ ಕಡೆಗೆ ತಿರುಗಿದ.

ಕುಂಯ್.

ಆ ವಾರದಲ್ಲೆಲ್ಲ ಅಷ್ಟು ಸ್ಪಷ್ಟವಾದ ಕೂಗು ಬಂದಿರಲಿಲ್ಲ. ತಟ್ಟೆಯನ್ನು ಆಚೆ ಆಡಿಸಿದ, ಈಚೆ ಆಡಿಸಿದ. ಮರಳಿನ ಮನೆಯ ಒಳಗಿನಿಂದಲೇ ಬರುತ್ತಿತ್ತು. ಮೊಣಕಾಲೂರಿ ಬಾಗಿಲಿನೊಳಗೆ ಕೈ ಹಾಕಿದ. ಮೊಣಕೈವರೆಗೆ ಹೋಗಬೇಕಾಯಿತು. ಬೆರಳಿಗೆ ಮೊದಲು ದಾರ ಸಿಕ್ಕಿತು, ಕೆಂಪು ದಾರ. ದಾರದ ತುದಿಗೆ ತೂತು ಕಾಸು.

ಅಯ್ಯೋ, ಮಗು ಕಳೆದುಕೊಂಡಿದ್ದಾಳೆ ಎಂದು ಎದ್ದ. ಇಂಚರ ಅವನ ಹಿಂದೆಯೇ ನಿಂತಿದ್ದಳು. ಅವಳ ಕೊರಳು ಖಾಲಿ ಇತ್ತು. ಮುಖ ಮಾತ್ರ ಹಬ್ಬದ ಹಾಗಿತ್ತು.

ಅವಳ ತುಟಿ ಆಡುತ್ತಿತ್ತು, ಅವನಿಗೆ ಏನೂ ಕೇಳಲಿಲ್ಲ. ಹೆಡ್‌ಫೋನ್ ತೆಗೆದ.

"ಚಿನ್ನಿ, ನೀನು ಕಳ್ಕೊಂಡಿದ್ದು ಇದೇನಾ ನೋಡು."

"ಕಳ್ಕೊಂಡಿಲ್ಲ ಅಪ್ಪಾ. ನಾನೇ ಹೂತಿಟ್ಟಿದ್ದು."

"ಯಾಕಮ್ಮ?"

"ನಾನು ಕರೆದ್ರೆ ನಿಂಗೆ ಕೇಳಲ್ಲ, ಕಿವಿಗೆ ಅದಿರುತ್ತಲ್ಲ. ಕಾಸು ಕರೆದ್ರೆ ಕೇಳುತ್ತೆ. ಅದಕ್ಕೆ ನನ್ನ ಮನೆ ಒಳಗೆ ಇಟ್ಟೆ." ಅವಳು ಕುಣಿಯುತ್ತ ಒಂದು ಸುತ್ತು ಬಂದಳು. "ಬುಧವಾರನೇ ಇಟ್ಟಿದ್ದೆ. ದಿನಾ ಕಾಯ್ತಾ ಇದ್ದೆ. ನೀನು ಈ ಕಡೆ ಬರಲೇ ಇಲ್ಲ. ಹೋಗೋ ದಿನ ಆದ್ರೂ ಬಂದ್ಯಲ್ಲ!"

ಸರ್ವಮಂಗಳಾ ಓಮ್ನಿಯ ಹತ್ತಿರದಿಂದ ಕೂಗಿದಳು. "ಇಂಚರಾ, ಬಾ. ಹೊತ್ತಾಯ್ತು."

"ಒಂದ್ನಿಮಿಷ ಅಪ್ಪಾ, ಅಮ್ಮಂಗೆ ಹೇಳಿ ಬರ್ತೀನಿ, ನೀನು ಬಂದೆ ಅಂತ." ಅವಳು ಓಡಿದಳು.

ಚಂದ್ರಮೌಳಿ ಕಾಸನ್ನು ಮುಷ್ಟಿಯಲ್ಲಿ ಹಿಡಿದು ಚಪ್ಪರದಡಿಗೆ ಬಂದ. ಈ ಸಲ ಓಡಲಿಲ್ಲ.

"ಸಿಕ್ಕಿತಾ?" ಗುರುಗಳು ಬಸಳೆ ಎಲೆ ಕೊಯ್ಯುತ್ತಿದ್ದರು.

ಅವನು ಮುಷ್ಟಿ ಬಿಚ್ಚಿದ.

"ಹಳೇದಾ?"

"ಬ್ರಿಟಿಷರ ಕಾಲದ್ದು."

"ಇದೇ ಮರಳಲ್ಲಿ ಸಿಕ್ಕಿದ್ದಾ?"

"ಹೌದು."

"ಯಾರು ಕಳಕೊಂಡದ್ದು?"

"ಯಾರೂ ಕಳ್ಕೊಂಡಿಲ್ಲ, ಗುರುಗಳೇ. ಮಗಳು ಹೂತಿಟ್ಟಿದ್ದು. ನಾನು ಅವಳ ಹತ್ರ ಬರಲಿ ಅಂತ."

ಗುರುಗಳು ಕಾಸನ್ನು ಪಂಚೆಯ ಚುಂಗಿನಲ್ಲಿ ಒರೆಸಿದರು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಕಾಸನ್ನು ಹಿಡಿದು, ತೂತಿನೊಳಗಿಂದ ಶಿಷ್ಯನನ್ನು ನೋಡಿದರು.

"ಒಪ್ಪಿದೆ. ಹೇಳಿದ ಮಾತು ಹೇಳಿದ್ದೇ. ಒಳಗೆ ಚಾಪೆ ಉಂಟು, ಹಾಸಿಕೋ. ಇನ್ನು ನೀನು ಇಲ್ಲಿಯವನು."

ಚಂದ್ರಮೌಳಿ ಕದಲಲಿಲ್ಲ.

"ಯಾಕೆ? ನೀನು ಕೇಳಿದ್ದು ಇದನ್ನೇ ಅಲ್ವಾ?"

"ಗುರುಗಳೇ," ಎಂದ ಅವನು. ಕಣ್ಣಿಂದ ನೀರು ಇಳಿದು ಗಡ್ಡದ ಮರಳಿಗೆ ಸೇರಿತು. "ಬುಧವಾರದಿಂದ ಕರೆದಿದ್ದಾಳೆ. ನನಗೆ ಕೇಳಿಸಲೇ ಇಲ್ಲ."

ಎದುರಿನ ಗಾಳಿಮರಗಳ ನಡುವೆ ಓಮ್ನಿ ಸ್ಟಾರ್ಟ್ ಆದ ಸದ್ದು ಬಂತು. ಒಮ್ಮೆ ಆಫ್ ಆಯಿತು, ಮತ್ತೆ ಸ್ಟಾರ್ಟ್ ಆಯಿತು. ಫೆಬ್ರವರಿಯಲ್ಲಿ ಕಲಿತ ಕೈ.

ಗುರುಗಳು ಬಸಳೆಯ ಬುಟ್ಟಿಯನ್ನು ಎಡಗೈಯಲ್ಲಿ ಎತ್ತಿಕೊಂಡರು. ಬಲಗೈಯಲ್ಲಿ ಶಿಷ್ಯನ ಮಣಿಕಟ್ಟನ್ನು ಹಿಡಿದರು.

"ಬಾ. ಕೊಟ್ಟು ಬರುದು ಇನ್ನೊಂದು ಬಾಕಿ ಉಂಟು."

ಓಮ್ನಿಯ ಹತ್ತಿರ ಹೋದಾಗ ಸರ್ವಮಂಗಳಾ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದಳು. ಇಂಚರ ತೆರೆದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು, ಅಪ್ಪ ಎಲ್ಲಿ ಎಂದು ಆಚೆ ಈಚೆ ನೋಡುತ್ತಿದ್ದಳು. ಗುರುಗಳು ಬಸಳೆಯ ಬುಟ್ಟಿಯನ್ನು ಸೀಟಿನ ಮೇಲಿಟ್ಟರು. ಕಾಸಿನ ದಾರವನ್ನು ಹುಡುಗಿಯ ಕೊರಳಿಗೆ ಕಟ್ಟಿದರು.

ಆಮೇಲೆ ಪಂಚೆಯ ಚುಂಗನ್ನು ಎತ್ತಿ, ಚಂದ್ರಮೌಳಿಯ ಹಣೆ, ಕೆನ್ನೆ, ಗಡ್ಡಗಳ ಮರಳನ್ನು ಒರೆಸಿದರು. ಎರಡು ಭುಜ ಹಿಡಿದು ಅವನನ್ನು ಹುಡುಗಿಯ ಮುಂದೆ ನಿಲ್ಲಿಸಿದರು.

"ಮಗಾ, ನೀನು ಕಳಕೊಂಡದ್ದು ಇದೇ ಹೌದಾ ನೋಡು."